ಜಪಾನಿಗಳಿಗೆ ಕಂಪನಿಯೇ ಮನೆ, ನಮ್ಮವರಿಗೆ ನಿಷ್ಠೆಯೇ ಇಲ್ಲ: ಈ ಮಾತು ಎಷ್ಟು ನಿಜ?

ಪ್ರಶ್ನೆ: ನಾನು ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿದ್ದೇನೆ. ವರ್ಷಕ್ಕೊಮ್ಮೆ ಎಲ್ಲ ದೇಶಗಳ ನೌಕರರಿಗೂ ಒಂದೇ ಪ್ರಶ್ನಾವಳಿ ಹೋಗುತ್ತದೆ. ‘ಈ ಸಂಸ್ಥೆಯಲ್ಲಿ ಕೆಲಸ ಮಾಡುವುದು ನನಗೆ ಹೆಮ್ಮೆ’, ‘ಸಂಸ್ಥೆಯ ಏಳಿಗೆಗಾಗಿ ಇನ್ನಷ್ಟು ದುಡಿಯಲು ಸಿದ್ಧ’ ಎಂಬಂಥ ಸಾಲುಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಪ್ರತಿ ಸಲ ಬೆಂಗಳೂರು ಮೇಲೆ, ಜಪಾನಿನ ಒಸಾಕಾ ಕಚೇರಿ ತಳದಲ್ಲಿ. ಆದರೆ ಪೇಪರ್ ಹಾಕಿ ಹೋಗುವವರು ನಮ್ಮಲ್ಲೇ ಹೆಚ್ಚು, ಒಸಾಕಾದಲ್ಲಿ ಬಿಡುವವರೇ ಅಪರೂಪ. ‘ನಿಮ್ಮವರು ಫಾರ್ಮಿನಲ್ಲಿ ಸುಳ್ಳು ತುಂಬುತ್ತಾರೆಯೇ?’ ಎಂದು ಹೆಡ್ ಆಫೀಸಿನವರು ಕೇಳುತ್ತಿದ್ದಾರೆ. ಸಂಸ್ಥೆಯ ಮೇಲಿನ ನಿಷ್ಠೆ ನಿಜಕ್ಕೂ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆಯೇ? ಅವರಿಗೆ ಏನೆಂದು ಉತ್ತರಿಸಲಿ?

ಉತ್ತರ: ನಿಮ್ಮವರು ಸುಳ್ಳು ತುಂಬಿಲ್ಲ. ಒಸಾಕಾದವರೂ ತುಂಬಿಲ್ಲ. ಕಂಪನಿಯ ಬಗ್ಗೆ ಹೆಮ್ಮೆ ಪಡುವುದು ಒಂದು ಸಂಗತಿ, ಕಂಪನಿ ಬಿಡದೆ ಇರುವುದು ಇನ್ನೊಂದು. ಎರಡನ್ನೂ ಒಂದೇ ಅಂಕಕ್ಕೆ ಇಳಿಸಿದಾಗ ನಿಮಗೆ ಬಂದಂಥ ಗೊಂದಲ ಬಂದೇ ಬರುತ್ತದೆ. ದೇಶಗಳ ನಡುವೆ ವ್ಯತ್ಯಾಸ ಇರುವುದು ಖಂಡಿತ. ಆದರೆ ಅದರ ಬಹುಪಾಲನ್ನು ಜನರ ಸ್ವಭಾವದಲ್ಲಿ ಹುಡುಕಬೇಡಿ. ಕೆಲಸ ಬಿಟ್ಟರೆ ಆ ದೇಶದಲ್ಲಿ ಏನೇನು ಕೈತಪ್ಪುತ್ತದೆ, ಬಿಟ್ಟವರನ್ನು ಮನೆಯವರು, ನೆಂಟರು ಹೇಗೆ ನೋಡುತ್ತಾರೆ, ನೌಕರರ ನಂಟು ನಿಜವಾಗಿ ಯಾರ ಜೊತೆಗಿದೆ ಎಂಬ ಮೂರನ್ನು ನೋಡಿದರೆ ಅರ್ಧಕ್ಕಿಂತ ಹೆಚ್ಚು ಉತ್ತರ ಅಲ್ಲೇ ಸಿಗುತ್ತದೆ.

ಒಸಾಕಾದಿಂದಲೇ ಶುರು ಮಾಡೋಣ, ಏಕೆಂದರೆ ಈ ವಿಷಯದ ಚರ್ಚೆಯೂ ಜಪಾನಿನಿಂದಲೇ ಶುರುವಾದದ್ದು. ಜೇಮ್ಸ್ ಅಬೆಗ್ಲೆನ್ ಎಂಬ ಅಮೆರಿಕನ್ ಸಂಶೋಧಕ 1950ರ ದಶಕದಲ್ಲಿ ಜಪಾನಿನ ಕಾರ್ಖಾನೆಗಳನ್ನು ಅಧ್ಯಯನ ಮಾಡಿ, ಅಲ್ಲಿ ನೌಕರನಿಗೂ ಕಂಪನಿಗೂ ಇರುವುದು ಜೀವಮಾನದ ಸಂಬಂಧ ಎಂದು 1958ರಲ್ಲಿ ಬರೆದರು. ಮುಂದೆ ಜಪಾನಿನ ಕಾರುಗಳು, ಟೀವಿಗಳು ಜಗತ್ತನ್ನು ತುಂಬಿದಾಗ ಈ ಮಾತು ಎಲ್ಲೆಡೆ ಹಬ್ಬಿತು. ಜಪಾನಿಗಳು ಕಂಪನಿಗಾಗಿ ಪ್ರಾಣ ಕೊಡುತ್ತಾರೆ, ಅದಕ್ಕೇ ಅವರ ಮಾಲು ಚೆನ್ನ ಎಂಬ ನಂಬಿಕೆ ಬೇರೂರಿತು. ನಮ್ಮ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಇವತ್ತಿಗೂ ಇದೇ ಪಾಠ ನಡೆಯುತ್ತಿರುವುದನ್ನು ಕಂಡಿದ್ದೇನೆ.

1980ರ ದಶಕದ ಆರಂಭದಲ್ಲಿ ಜೇಮ್ಸ್ ಲಿಂಕನ್ ಮತ್ತು ಆರ್ನೆ ಕ್ಯಾಲೆಬರ್ಗ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಇದನ್ನು ಅಳೆದೇ ನೋಡಲು ಹೊರಟರು. ಅಮೆರಿಕದ ಇಂಡಿಯಾನಾಪೊಲಿಸ್ ಸುತ್ತಮುತ್ತ, ಜಪಾನಿನ ಅತ್ಸುಗಿ ಪ್ರದೇಶದಲ್ಲಿ ಒಟ್ಟು ನೂರಕ್ಕೂ ಹೆಚ್ಚು ಕಾರ್ಖಾನೆಗಳು, ಎಂಟು ಸಾವಿರಕ್ಕೂ ಹೆಚ್ಚು ನೌಕರರು. ಪ್ರಶ್ನೆಗಳು ನಿಮ್ಮ ಫಾರ್ಮಿನಲ್ಲಿರುವಂಥವೇ: ಈ ಕಂಪನಿಯ ಬಗ್ಗೆ ಹೆಮ್ಮೆಯಿದೆಯೇ, ಕಂಪನಿ ಗೆಲ್ಲಲು ಬೇಕಾದ್ದಕ್ಕಿಂತ ಹೆಚ್ಚು ದುಡಿಯುತ್ತೀರಾ, ಬೇರೆ ಕಡೆ ಹೆಚ್ಚು ಸಂಬಳ ಸಿಕ್ಕರೂ ಇಲ್ಲೇ ಇರುತ್ತೀರಾ. ಎಲ್ಲರೂ ನಿರೀಕ್ಷಿಸಿದ್ದ ಫಲಿತಾಂಶ ಬರಲಿಲ್ಲ. ಹೆಮ್ಮೆಯಲ್ಲಿ, ಇನ್ನಷ್ಟು ದುಡಿಯುವ ಉತ್ಸಾಹದಲ್ಲಿ ಜಪಾನಿನ ಕಾರ್ಮಿಕರು ಅಮೆರಿಕದವರನ್ನು ಮೀರಿಸಲಿಲ್ಲ. ಕೆಲಸದ ತೃಪ್ತಿಯಲ್ಲಂತೂ ತುಂಬಾ ಹಿಂದಿದ್ದರು. ‘ಈಗ ಗೊತ್ತಿರುವುದೆಲ್ಲ ಗೊತ್ತಿದ್ದು ಮತ್ತೆ ಆರಿಸುವ ಅವಕಾಶ ಸಿಕ್ಕರೆ ಇದೇ ಕೆಲಸಕ್ಕೆ ಸೇರುತ್ತಿದ್ದಿರಾ?’ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹೌದೆಂದರೆ, ಜಪಾನಿನಲ್ಲಿ ಹಾಗೆಂದವರು ಸುಮಾರು ಕಾಲು ಪಾಲು. ನಿಮ್ಮ ಕಂಪನಿಯ ಫಲಿತಾಂಶಕ್ಕೆ ನಲವತ್ತು ವರ್ಷದ ಹಿಂದಿನ ಅಣ್ಣ ಇದ್ದಾನೆ ಎಂದು ಹೆಡ್ ಆಫೀಸಿಗೆ ಧೈರ್ಯವಾಗಿ ಹೇಳಬಹುದು. ಅಮೆರಿಕದ ಸಮೀಕ್ಷಾ ಸಂಸ್ಥೆ ಗ್ಯಾಲಪ್‌ನ ಈಚಿನ ಜಾಗತಿಕ ಸಮೀಕ್ಷೆಗಳೂ ಇದನ್ನೇ ತೋರಿಸುತ್ತವೆ. ಮನಸ್ಸಿಟ್ಟು ಕೆಲಸ ಮಾಡುವವರ ಪ್ರಮಾಣ ಜಪಾನಿನಲ್ಲಿ ನೂರಕ್ಕೆ ಐದರಿಂದ ಏಳು. ಭಾರತದ್ದು ಅದರ ನಾಲ್ಕು ಪಟ್ಟಿಗೂ ಹೆಚ್ಚು.

ಇದನ್ನು ಹೇಗೆ ಓದಬೇಕು? ಮೊದಲನೆಯದು, ಅಂಕ ಕೊಡುವ ರೀತಿಯೇ ಬೇರೆ. ಒಂದರಿಂದ ಐದರ ಸಾಲಿನಲ್ಲಿ ಜಪಾನೀಯರು ಹೆಚ್ಚಾಗಿ ಮೂರಕ್ಕೆ ಗುರುತು ಹಾಕುತ್ತಾರೆ. ಅದರಲ್ಲೂ ‘ನನಗೆ ಹೆಮ್ಮೆ’, ‘ನನಗೆ ಸಂತೋಷ’ ಎಂದು ತನ್ನ ಒಳ್ಳೆಯ ಭಾವನೆಯನ್ನು ತಾನೇ ಸಾರಬೇಕಾದ ಸಾಲುಗಳಲ್ಲಿ ಅವರ ಕೈ ಹಿಂದೆ ಸರಿಯುತ್ತದೆ. ಅಮೆರಿಕದವರಿಗೆ ಆ ಸಂಕೋಚ ಇಲ್ಲ. ನಮ್ಮಲ್ಲಿ ಇನ್ನೊಂದು ಬಗೆ: ಆಫೀಸಿನಿಂದ ಬಂದ ಫಾರ್ಮು, ಹೆಸರು ಬರೆಯುವುದು ಬೇಡ ಎಂದರೂ ಲಿಂಕ್ ನಮ್ಮ ಐಡಿಗೇ ಬಂದಿದೆ, ಮೇಲಿನವರು ನೋಡದೆ ಇರುತ್ತಾರೆಯೇ ಎಂಬ ಅಳುಕು. ಕೆಲವರು ಸುಮ್ಮನೆ ನಾಲ್ಕು, ಐದು ಒತ್ತಿ ಮುಗಿಸುತ್ತಾರೆ. ಹೀಗಿರುವಾಗ ಬೆಂಗಳೂರಿನ ಅಂಕವನ್ನು ಒಸಾಕಾದ ಅಂಕದ ಪಕ್ಕದಲ್ಲಿಟ್ಟು ಹೋಲಿಸುವುದರಲ್ಲಿ ಅರ್ಥವೇ ಇಲ್ಲ.

ಆದರೆ ಎಲ್ಲವನ್ನೂ ಅಂಕ ಹಾಕುವ ರೀತಿಯ ಮೇಲೆ ಹೊರಿಸುವುದೂ ತಪ್ಪು. ಎರಡನೆಯ ಕಾರಣ ಇನ್ನೂ ಮುಖ್ಯ. ಜಪಾನಿನ ದೊಡ್ಡ ಕಂಪನಿಯ ನೌಕರ ಕೆಲಸ ಬಿಡದಿರುವುದಕ್ಕೆ ಪ್ರೀತಿಯೇ ಕಾರಣ ಆಗಬೇಕಿಲ್ಲ. ಅಲ್ಲಿನ ವ್ಯವಸ್ಥೆಯನ್ನು ನೋಡಿ. ಕಾಲೇಜು ಮುಗಿಸಿದವರನ್ನೆಲ್ಲ ಕಂಪನಿಗಳು ಒಟ್ಟಿಗೆ ಏಪ್ರಿಲ್ 1ರಂದು ಸೇರಿಸಿಕೊಳ್ಳುತ್ತವೆ. ಸಂಬಳ ಏರುವುದು ಹೆಚ್ಚಾಗಿ ಸೇವೆಯ ವರ್ಷಗಳ ಲೆಕ್ಕದಲ್ಲಿ, ಚಿಕ್ಕ ವಯಸ್ಸಿನಲ್ಲಿ ದುಡಿಮೆಗಿಂತ ಕಡಿಮೆ ಕೊಟ್ಟು, ಮುಂದೆ ಅದನ್ನು ತುಂಬಿಕೊಡುವ ಹಾಗೆ. ನಿವೃತ್ತಿಯ ಇಡುಗಂಟೂ ಸೇವೆ ಉದ್ದವಾದಷ್ಟು ದಪ್ಪವಾಗುತ್ತದೆ. ನಡುವೆ ತಾವಾಗಿ ಬಿಟ್ಟು ಹೋದವರಿಗೆ ಕಡಿತ. ನಲವತ್ತರಲ್ಲಿ ಬಿಟ್ಟು ಇನ್ನೊಂದು ದೊಡ್ಡ ಕಂಪನಿಗೆ ಅದೇ ದರ್ಜೆಯಲ್ಲಿ ಸೇರುವ ಬಾಗಿಲು ಬಹುಕಾಲ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಕಂಪನಿಯ ಕಡೆಯಿಂದಲೂ ಅಷ್ಟೇ, ಕಾಯಂ ನೌಕರರನ್ನು ಸಕಾರಣವಿಲ್ಲದೆ ತೆಗೆಯಲು ಅಲ್ಲಿನ ನ್ಯಾಯಾಲಯಗಳು ಬಿಡುವುದಿಲ್ಲ. ಎರಡೂ ಕಡೆಯವರು ಹೀಗೆ ಕಟ್ಟಿಕೊಂಡ ಮೇಲೆ ಸಂತೋಷವಾಗಿದ್ದರೂ ಇರುತ್ತಾರೆ, ಬೇಸತ್ತಿದ್ದರೂ ಇರುತ್ತಾರೆ.

ಇದಕ್ಕೊಂದು ಕಣ್ಣಿಗೆ ಕಟ್ಟುವ ಉದಾಹರಣೆ ಇದೆ. ಜಪಾನಿನ ನಾಗರಿಕ ಸಂಹಿತೆಯ ಪ್ರಕಾರ ಅವಧಿ ಗೊತ್ತುಪಡಿಸದ ಕೆಲಸವನ್ನು ಬಿಡಲು ಎರಡು ವಾರ ಮುಂಚೆ ತಿಳಿಸಿದರೆ ಸಾಕು. ನಮ್ಮ ಐಟಿ ಕಂಪನಿಗಳ 90 ದಿನದ ನೋಟಿಸ್ ಪೀರಿಯಡ್ ಎದುರು ಅದು ಏನೂ ಅಲ್ಲ. ಆದರೂ ಮೇಲಧಿಕಾರಿಯ ಮುಂದೆ ನಿಂತು ‘ಬಿಡುತ್ತೇನೆ’ ಎಂದು ಹೇಳಲಾಗದೆ, ಹಣ ಕೊಟ್ಟು ಬೇರೆಯವರಿಂದ ಆ ಮಾತು ಹೇಳಿಸುವವರು ಅಲ್ಲಿದ್ದಾರೆ. ರಾಜೀನಾಮೆ ತಿಳಿಸುವುದನ್ನೇ ವ್ಯಾಪಾರ ಮಾಡಿಕೊಂಡ ಏಜೆನ್ಸಿಗಳು ಹುಟ್ಟಿಕೊಂಡಿವೆ. ಬೆಳಿಗ್ಗೆ ಏಜೆನ್ಸಿಯವರು ಕಂಪನಿಗೆ ಫೋನ್ ಮಾಡಿ, ‘ಇಂಥವರು ಇನ್ನು ಬರುವುದಿಲ್ಲ’ ಎನ್ನುತ್ತಾರೆ, ಅಷ್ಟೇ. ಕಾನೂನು ತೆರೆದಿಟ್ಟ ಬಾಗಿಲನ್ನು ದಾಟಲು ಇಷ್ಟು ಕಷ್ಟಪಡುವಂತೆ ಮಾಡುವುದು ಸಂಕೋಚ, ತಪ್ಪಿತಸ್ಥ ಭಾವನೆ, ಸಹೋದ್ಯೋಗಿಗಳ ಮೇಲೆ ಹೊರೆ ಹಾಕುತ್ತೇನಲ್ಲ ಎಂಬ ಅಳುಕು. ಇದೂ ಒಂದು ನಂಟೇ. ಆದರೆ ನಿಮ್ಮ ಫಾರ್ಮಿನ ‘ಹೆಮ್ಮೆ’ ಎಂಬ ಸಾಲು ಅದನ್ನು ಹಿಡಿಯುವುದಿಲ್ಲ.

ಇಲ್ಲಿ ಕೆನಡಾದ ಜಾನ್ ಮೇಯರ್ ಮತ್ತು ನಟಾಲಿ ಆಲೆನ್ ಅವರ ಕೆಲಸ ನಿಮಗೆ ನೆರವಾಗುತ್ತದೆ. 1990ರ ಸುಮಾರಿಗೆ ಇವರು ಸಂಸ್ಥೆಯ ಮೇಲಿನ ಬದ್ಧತೆಯನ್ನು ಮೂರು ಎಳೆಗಳಾಗಿ ಬಿಡಿಸಿದರು. ಕ್ಯಾಂಟೀನಿನ ಮಾತಿನಲ್ಲಿ ಹೇಳುವುದಾದರೆ ಮೊದಲ ಎಳೆ, ‘ನನಗೆ ಇಲ್ಲಿ ಇಷ್ಟ, ಅದಕ್ಕೆ ಇದ್ದೇನೆ’. ಎರಡನೆಯದು, ‘ಬಿಟ್ಟರೆ ನಷ್ಟ, ಅದಕ್ಕೆ ಇದ್ದೇನೆ’. ಮೂರನೆಯದು, ‘ಬಿಡುವುದು ಸರಿಯಲ್ಲ, ಉಂಡ ಮನೆಗೆ ಎರಡು ಬಗೆದಂತೆ ಆಗುತ್ತದೆ, ಅದಕ್ಕೆ ಇದ್ದೇನೆ’. ಒಬ್ಬರಲ್ಲೇ ಮೂರೂ ಇರಬಹುದು, ಪ್ರಮಾಣ ಮಾತ್ರ ಬೇರೆ ಬೇರೆ. ಮೂರರ ಫಲವೂ ಒಂದೇ ಅಲ್ಲ. ಇಷ್ಟದಿಂದ ಉಳಿದವರು ಕೇಳದೆಯೇ ಹೆಚ್ಚು ಕೆಲಸ ಮಾಡುತ್ತಾರೆ. ನಷ್ಟಕ್ಕೆ ಹೆದರಿ ಉಳಿದವರು ಹಾಜರಿ ಹಾಕುತ್ತಾರೆ.

ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಮೂರನೆಯ ಎಳೆಯೇ ದೇಶದ ಸಂಸ್ಕೃತಿಯ ಜೊತೆ ಹೆಚ್ಚು ಬದಲಾಗುತ್ತದೆ ಎಂಬುದು ತಿಳಿಯಿತು. ಕುಟುಂಬ, ಬಳಗ, ಹಿರಿಯರ ಮಾತಿಗೆ ಬೆಲೆ ಹೆಚ್ಚಿರುವ ಸಮಾಜಗಳಲ್ಲಿ ‘ಬಿಡುವುದು ಸರಿಯಲ್ಲ’ ಎಂಬ ಭಾವನೆ ಬಲವಾಗಿದೆ, ಮತ್ತು ಉತ್ತರ ಅಮೆರಿಕದ ಹೊರಗೆ ಆ ಭಾವನೆ ಜನರ ನಡವಳಿಕೆಯನ್ನು ಹೆಚ್ಚು ನಡೆಸುತ್ತದೆ. ಇಷ್ಟದ ಎಳೆ ಹಾಗಲ್ಲ. ಒಳ್ಳೆಯ ಮೇಲಧಿಕಾರಿ, ನ್ಯಾಯವಾದ ನಡೆ, ಕಷ್ಟದಲ್ಲಿ ಕೈಹಿಡಿಯುವ ಸಂಸ್ಥೆ ಇದ್ದರೆ ಅದು ಎಲ್ಲ ದೇಶದಲ್ಲೂ ಬೆಳೆಯುತ್ತದೆ. ಲಿಂಕನ್ ಮತ್ತು ಕ್ಯಾಲೆಬರ್ಗ್ ಕಂಡದ್ದೂ ಇದನ್ನೇ: ನೌಕರರ ಮಾತಿಗೆ ಅವಕಾಶ, ಒಳಗಿಂದಲೇ ಬಡ್ತಿ, ಕಲ್ಯಾಣ ಸೌಲಭ್ಯ ಇರುವ ಕಾರ್ಖಾನೆಗಳಲ್ಲಿ ಇಂಡಿಯಾನಾದಲ್ಲೂ ಬದ್ಧತೆ ಹೆಚ್ಚು, ಅತ್ಸುಗಿಯಲ್ಲೂ ಹೆಚ್ಚು.

ದೇಶಗಳ ಸಂಸ್ಕೃತಿಯನ್ನು ಅಂಕಗಳಲ್ಲಿ ಅಳೆದ ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ ಅವರ ಪಟ್ಟಿಯನ್ನು ನೀವು ಓದಿರುತ್ತೀರಿ. ಐಬಿಎಂ ನೌಕರರಲ್ಲಿ 1967ರಿಂದ 1973ರವರೆಗೆ ನಡೆದ ಸಮೀಕ್ಷೆಗಳಿಂದ ಹುಟ್ಟಿದ ಆ ಪಟ್ಟಿಯಲ್ಲಿ ವ್ಯಕ್ತಿವಾದದಲ್ಲಿ, ಅಂದರೆ ಬಳಗಕ್ಕಿಂತ ತನ್ನನ್ನು ಮುಂದಿಡುವುದರಲ್ಲಿ, ಅಮೆರಿಕಕ್ಕೆ 91, ಭಾರತಕ್ಕೆ 48, ಜಪಾನಿಗೆ 46. ಗಮನಿಸಿ, ಭಾರತ ಮತ್ತು ಜಪಾನ್ ಹೆಚ್ಚುಕಡಿಮೆ ಒಂದೇ ಕಡೆ ನಿಂತಿವೆ. ಸಂಸ್ಕೃತಿಯೇ ಎಲ್ಲವನ್ನೂ ನಿರ್ಧರಿಸುವುದಾಗಿದ್ದರೆ ಬೆಂಗಳೂರು ಮತ್ತು ಒಸಾಕಾದ ನೌಕರರು ಒಂದೇ ರೀತಿ ನಡೆದುಕೊಳ್ಳಬೇಕಿತ್ತು.

ಈಗ ನಮ್ಮ ಊರಿಗೆ ಬರೋಣ. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್ ಘೋಷಿಸಿದ ವಾರ್ಷಿಕ ಅಟ್ರಿಷನ್, ಅಂದರೆ ತಾವಾಗಿ ಕೆಲಸ ಬಿಟ್ಟವರ ಪ್ರಮಾಣ, 28.4 ಶೇಕಡಾ. ಎರಡು ವರ್ಷ ತುಂಬುವುದರೊಳಗೆ, 2024ರ ಮಾರ್ಚ್ ಹೊತ್ತಿಗೆ, ಅದು 12.6ಕ್ಕೆ ಇಳಿಯಿತು. ಈ ನಡುವೆ ಕನ್ನಡಿಗರ, ತೆಲುಗರ, ತಮಿಳರ ಸಂಸ್ಕೃತಿ ಬದಲಾಯಿತೇ? ಕಂಪನಿಯ ಮೇಲೆ ದಿಢೀರನೆ ಪ್ರೀತಿ ಉಕ್ಕಿತೇ? ಕೋವಿಡ್ ನಂತರ ಎಲ್ಲ ಕಂಪನಿಗಳೂ ಮುಗಿಬಿದ್ದು ಜನರನ್ನು ಸೇರಿಸಿಕೊಳ್ಳುತ್ತಿದ್ದಾಗ ಒಬ್ಬೊಬ್ಬರ ಕೈಯಲ್ಲಿ ಎರಡು ಮೂರು ಆಫರ್ ಲೆಟರ್ ಇದ್ದವು. ಆಮೇಲೆ ನೇಮಕಾತಿ ತಗ್ಗಿತು, ಆಫರ್ ತಗ್ಗಿದವು, ಬಿಡುವುದೂ ತಗ್ಗಿತು. ಆ ಎರಡು ವರ್ಷದ ಹಿಂದೆ ಮುಂದೆ ‘ಈ ಕಾಲದ ಹುಡುಗರಿಗೆ ನಿಷ್ಠೆ ಇಲ್ಲ’ ಎಂದು ಗೊಣಗುತ್ತಿದ್ದವರನ್ನು ಕಂಡಾಗಲೆಲ್ಲ ನನಗೆ ಅನ್ನಿಸುವುದು, ಅವರು ಮಾರುಕಟ್ಟೆಯನ್ನು ನೋಡಿ ಮನಸ್ಸನ್ನು ಓದಿದೆವು ಎಂದುಕೊಂಡಿದ್ದಾರೆ ಎಂದು.

ಇದಕ್ಕಿಂತ ಬಲವಾದ ಸಾಕ್ಷಿ ನಮ್ಮ ಮನೆಗಳಲ್ಲೇ ಇದೆ. ಬೆಂಗಳೂರಿನಲ್ಲಿ ಎರಡು ಎರಡೂವರೆ ವರ್ಷಕ್ಕೊಮ್ಮೆ ಕಂಪನಿ ಬದಲಿಸುತ್ತಿದ್ದ ಹುಡುಗ ಅಮೆರಿಕದ ನ್ಯೂ ಜೆರ್ಸಿಗೆ ಎಚ್-1ಬಿ ವೀಸಾದ ಮೇಲೆ ಹೋಗುತ್ತಾನೆ ಎನ್ನಿ. ಅಲ್ಲಿ ಅದೇ ಹುಡುಗ ಎಂಟು ಹತ್ತು ವರ್ಷ ಒಂದೇ ಕಂಪನಿಯಲ್ಲಿ ಉಳಿದುಬಿಡುತ್ತಾನೆ. ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳಲು ಇರುವುದು ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡ್‌ಗೆ ಭಾರತೀಯರ ಸಾಲು ವರ್ಷಾನುಗಟ್ಟಲೆ ಉದ್ದ, ಕಂಪನಿ ಬದಲಿಸಿದರೆ ಸಾಲಿನಲ್ಲಿ ಜಾಗ ಉಳಿದರೂ ಹೊಸ ಕಂಪನಿ ಅರ್ಜಿಯ ಕೆಲಸವನ್ನೆಲ್ಲ ಮತ್ತೆ ಮೊದಲಿಂದ ಮಾಡಬೇಕು. ಮಕ್ಕಳು ಅಲ್ಲಿನ ಶಾಲೆಯಲ್ಲಿದ್ದಾರೆ. ಅವನು ಹುಟ್ಟಿದ ಊರು, ಅಪ್ಪ ಅಮ್ಮ ಕಲಿಸಿದ ಬುದ್ಧಿ ಯಾವುದೂ ಬದಲಾಗಿಲ್ಲ. ಬಿಡುವುದರ ಬೆಲೆ ಬದಲಾಯಿತು. ಒಬ್ಬನೇ ಮನುಷ್ಯ ಒಂದು ದೇಶದಲ್ಲಿ ಚಂಚಲ, ಇನ್ನೊಂದು ದೇಶದಲ್ಲಿ ನಿಷ್ಠಾವಂತ ಎನ್ನಿಸಿಕೊಳ್ಳುತ್ತಾನೆ.

ಅಮೆರಿಕದವರ ಕತೆಯೂ ಇದಕ್ಕೆ ಹೊರತಲ್ಲ. ಅಲ್ಲಿ ಮೊಂಟಾನಾ ಒಂದನ್ನು ಬಿಟ್ಟು ಉಳಿದ ರಾಜ್ಯಗಳಲ್ಲಿ ಸಾಮಾನ್ಯವಾಗಿ ಯಾವ ಕಾರಣವನ್ನೂ ಕೊಡದೆ ನೌಕರರನ್ನು ತೆಗೆಯಬಹುದು, ನೌಕರರೂ ಹಾಗೆಯೇ ಬಿಡಬಹುದು. 2024ರ ಜನವರಿಯ ಸರ್ಕಾರಿ ಲೆಕ್ಕದಂತೆ ಅಲ್ಲಿನ ನೌಕರರು ಈಗಿನ ಕೆಲಸದಲ್ಲಿ ಕಳೆದ ಕಾಲದ ಮಧ್ಯಾಂಕ 3.9 ವರ್ಷ, ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಕಡಿಮೆ ಕಾಲ ಇದ್ದವರು. ಇಷ್ಟು ಸಡಿಲವಾದ ಕಡೆ ಹೆಮ್ಮೆಯ ಅಂಕ ಹೆಚ್ಚು ಬರುವುದು ವಿಚಿತ್ರ ಅನ್ನಿಸಬಹುದು. ಆದರೆ ಇಷ್ಟವಿಲ್ಲದವರು ಆಗಲೇ ಬಿಟ್ಟು ಹೋಗಿರುತ್ತಾರಲ್ಲ! ಫಾರ್ಮು ತುಂಬುವ ದಿನ ಉಳಿದಿರುವವರಲ್ಲಿ ಇಷ್ಟಪಟ್ಟು ಇರುವವರೇ ಹೆಚ್ಚು. ಜಪಾನಿನಲ್ಲಿ ಬೇಸತ್ತವರೂ ಅಲ್ಲೇ ಕುಳಿತು ಫಾರ್ಮು ತುಂಬುತ್ತಾರೆ. ಜೊತೆಗೆ ಅಮೆರಿಕಕ್ಕೆ ಅದರದೇ ಒಂದು ಹಗ್ಗ ಇದೆ, ಆರೋಗ್ಯ ವಿಮೆ. 15 ಕೋಟಿಗೂ ಹೆಚ್ಚು ಜನರ ವಿಮೆ ತಮ್ಮ ಅಥವಾ ಮನೆಯವರ ಕೆಲಸದ ಮೂಲಕ ಬರುತ್ತದೆ. ಮನೆಯಲ್ಲಿ ಮಧುಮೇಹದ ಮಗುವೋ ಕ್ಯಾನ್ಸರ್ ಚಿಕಿತ್ಸೆಯ ಹೆಂಡತಿಯೋ ಇದ್ದರೆ ಬೇಡವಾದ ಕೆಲಸವನ್ನೂ ಕಚ್ಚಿ ಹಿಡಿಯಬೇಕಾಗುತ್ತದೆ.

ಜರ್ಮನಿಯಲ್ಲಿ ಕಾನೂನು ಬೇರೆಯೇ ಬಗೆಯ ನಂಟನ್ನು ಕಟ್ಟಿದೆ. 20 ವರ್ಷ ದುಡಿದವರನ್ನು ತೆಗೆಯಬೇಕಾದರೆ ಕಂಪನಿ ಏಳು ತಿಂಗಳ ನೋಟಿಸ್ ಕೊಡಬೇಕು. 2,000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನ ನೌಕರರ ಕಡೆಯವರಿಗೆ, 1976ರ ಕಾಯ್ದೆ ಇದು. ಡೆನ್ಮಾರ್ಕ್‌ನಲ್ಲಿ ತೆಗೆಯುವುದು ಸುಲಭ, ಆದರೆ ಕೆಲಸ ಹೋದವರಿಗೆ ನಿರುದ್ಯೋಗ ವಿಮೆಯಿಂದ ಎರಡು ವರ್ಷದವರೆಗೆ ಭತ್ಯೆ, ಜೊತೆಗೆ ಮರುತರಬೇತಿ. ಬಿಡಲು ಹೆದರಿಕೆ ಇಲ್ಲದಿರುವುದರಿಂದ ಅಲ್ಲಿನವರು ಆಗಾಗ ಕೆಲಸ ಬದಲಿಸುತ್ತಾರೆ. ಅವರನ್ನು ನಿಷ್ಠೆ ಇಲ್ಲದವರು ಎಂದು ಯಾರೂ ಕರೆಯುವುದಿಲ್ಲ.

ನಂಟು ಯಾರ ಜೊತೆ ಎಂಬ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಕಂಪನಿಗೆ ಇದು ಅತ್ಯಂತ ಉಪಯೋಗದ್ದು ಎಂದು ನನ್ನ ಅನಿಸಿಕೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೆನ್, ತ್ಸುಯಿ ಮತ್ತು ಫಾರ್ ಎಂಬ ಮೂವರು ಸಂಶೋಧಕರು ಚೀನಾದ ನೌಕರರಲ್ಲಿ ಎರಡನ್ನೂ ಬೇರೆ ಬೇರೆ ಅಳೆದರು: ಮೇಲಧಿಕಾರಿಯ ಮೇಲಿನ ನಿಷ್ಠೆ, ಸಂಸ್ಥೆಯ ಮೇಲಿನ ಬದ್ಧತೆ. ಕೆಲಸದ ಗುಣಮಟ್ಟದ ಜೊತೆ ಹೆಚ್ಚು ಸಂಬಂಧ ಕಂಡದ್ದು ಮೊದಲನೆಯದಕ್ಕೆ. ಚೀನಾದ ಇತಿಹಾಸ ಗೊತ್ತಿದ್ದವರಿಗೆ ಇದು ಆಶ್ಚರ್ಯ ತರುವುದಿಲ್ಲ. ಒಂದು ಕಾಲದಲ್ಲಿ ಸರ್ಕಾರಿ ಕಾರ್ಖಾನೆಯೇ ಅವರಿಗೆ ಮನೆ, ಆಸ್ಪತ್ರೆ, ಶಾಲೆ ಎಲ್ಲವನ್ನೂ ಕೊಡುತ್ತಿತ್ತು. ಒಡೆಯದ ಕಬ್ಬಿಣದ ಅನ್ನದ ಬಟ್ಟಲು ಎಂದೇ ಅದನ್ನು ಕರೆಯುತ್ತಿದ್ದರು. 1990ರ ದಶಕದ ಕೊನೆಯಲ್ಲಿ ಕೋಟಿಗಟ್ಟಲೆ ಜನ ಆ ಕೆಲಸ ಕಳೆದುಕೊಂಡರು. ಸಂಸ್ಥೆ ಕೈಬಿಡಬಹುದು, ಪರಿಚಯದ ಮನುಷ್ಯ ಕೈಬಿಡಲಾರ ಎಂದು ಅವರು ಕಲಿತದ್ದು ಹೀಗೆ.

ಟರ್ಕಿಯಲ್ಲಿ ಅರ್ಜು ವಸ್ತಿ ಎಂಬ ಸಂಶೋಧಕಿ ಇನ್ನೊಂದು ಸಂಗತಿಯನ್ನು ತೋರಿಸಿದರು. ನೆಂಟರ, ಪರಿಚಯದವರ ಮೂಲಕ ಕೆಲಸಕ್ಕೆ ಸೇರಿದವರಿಗೆ ಬಿಡುವುದು ಹೆಚ್ಚು ಕಷ್ಟ. ಬಿಟ್ಟರೆ ಸೇರಿಸಿದವರ ಮುಖಕ್ಕೆ ಮಸಿ. ಮನೆಯವರು ಆ ಕಂಪನಿಯನ್ನು ಮೆಚ್ಚುತ್ತಾರೋ ಇಲ್ಲವೋ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಇದನ್ನು ಓದಿದಾಗ ಟರ್ಕಿ ನಮಗೆ ದೂರದ ದೇಶ ಅನ್ನಿಸುವುದಿಲ್ಲ. ‘ಮಾವನವರ ಮಾತಿನ ಮೇಲೆ ತಗೊಂಡಿದ್ದಾರೆ, ಈಗ ಬಿಟ್ಟರೆ ಅವರಿಗೆ ಏನೆನ್ನಿಸುತ್ತೆ’ ಎಂಬ ಮಾತು ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಕೇಳಿಬರುತ್ತದೆ. ಮದುವೆ ಮಾತುಕತೆಯ ಹೊತ್ತಿನಲ್ಲಿ ಕಂಪನಿ ಬದಲಿಸಬೇಡ ಎನ್ನುವ ಅಮ್ಮಂದಿರು, ಹೋಮ್ ಲೋನ್ ಮಂಜೂರಾಗುವ ತನಕ ಸುಮ್ಮನಿರು ಎನ್ನುವ ಅಣ್ಣಂದಿರು, ಇವರೆಲ್ಲ ನಿಮ್ಮ ಅಟ್ರಿಷನ್ ಲೆಕ್ಕದಲ್ಲಿ ಇದ್ದಾರೆ, ಫಾರ್ಮಿನಲ್ಲಿ ಮಾತ್ರ ಇಲ್ಲ. ಐಟಿ ಕಂಪನಿಗಳಲ್ಲಿ ಒಬ್ಬ ಒಳ್ಳೆಯ ಮ್ಯಾನೇಜರ್ ಹೊರಟರೆ ಆರು ತಿಂಗಳೊಳಗೆ ಅರ್ಧ ಟೀಮು ಹಿಂದೆಯೇ ಹೋಗುವುದನ್ನು ನೀವೂ ನೋಡಿರುತ್ತೀರಿ. ಎಕ್ಸಿಟ್ ಇಂಟರ್‌ವ್ಯೂನಲ್ಲಿ ‘ಸಂಬಳ’ ಎಂದು ಬರೆಯುತ್ತಾರೆ. ಹೊರಗೆ ಕಾಫಿಗೆ ಕರೆದು ಕೇಳಿದರೆ ‘ಸರ್ ಇದ್ದರು ಅಂತ ಇದ್ದೆ’ ಎನ್ನುತ್ತಾರೆ.

ಹಾಗಾದರೆ ನಮ್ಮವರಿಗೆ ಸಂಸ್ಥೆಯ ಮೇಲೆಯೇ ನಂಟು ಬೆಳೆಯುವುದಿಲ್ಲವೇ? ಖಂಡಿತ ಬೆಳೆಯುತ್ತದೆ, ಬೆಳೆದದ್ದನ್ನು ಬೆಂಗಳೂರು ಕಂಡಿದೆ. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿಗಳಲ್ಲಿ ದುಡಿದವರನ್ನು ಮಾತಾಡಿಸಿ. ಮೂವತ್ತು, ಮೂವತ್ತೈದು ವರ್ಷದ ಸೇವೆ. ಕಂಪನಿ ಕ್ವಾರ್ಟರ್ಸು, ಕಂಪನಿ ಶಾಲೆ, ಕಂಪನಿ ಬಸ್ಸು, ಕ್ಯಾಂಟೀನಿನ ಊಟ. ಎಚ್‌ಎಂಟಿಯವರು ಇವತ್ತಿಗೂ ತಾವು ಮಾಡಿದ ವಾಚಿನ ಮಾಡೆಲ್ ಹೆಸರು ಹೇಳಿ ಮಣಿಕಟ್ಟು ತೋರಿಸುತ್ತಾರೆ. ಇದೇ ಜನ 1980-81ರಲ್ಲಿ 77 ದಿನ ಮುಷ್ಕರ ಹೂಡಿದರು. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಲಕ್ಷದಷ್ಟು ಕಾರ್ಮಿಕರು ಕೆಲಸ ನಿಲ್ಲಿಸಿದ ದಿನಗಳವು. ಕಾರ್ಖಾನೆಯ ಬಗ್ಗೆ ಹೆಮ್ಮೆ, ಆಡಳಿತದ ಮೇಲೆ ಸಿಟ್ಟು, ಯೂನಿಯನ್ ಮೇಲೆ ನಿಷ್ಠೆ ಮೂರೂ ಒಂದೇ ಎದೆಯಲ್ಲಿ ಇರಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮುಷ್ಕರ ಮಾಡುವವರಿಗೆ ನಿಷ್ಠೆ ಇಲ್ಲ ಎನ್ನುವವರು ಈ ಚರಿತ್ರೆಯನ್ನು ಓದಬೇಕು.

ಜಪಾನಿನ ಚರಿತ್ರೆಯನ್ನೂ ಓದಬೇಕು. ಟೊಯೋಟಾದ ಇಂದಿನ ಶಾಂತಿ ಸಮುರಾಯ್‌ಗಳಿಂದ ಬಳುವಳಿಯಾಗಿ ಬಂದದ್ದಲ್ಲ. 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದಾಗ ಅಲ್ಲಿ ಕಹಿಯಾದ ಮುಷ್ಕರ ನಡೆಯಿತು, ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಡಬೇಕಾಯಿತು, ಸಂಸ್ಥಾಪಕ ಕಿಯಿಚಿರೊ ಟೊಯೋಡಾ ಹೊಣೆ ಹೊತ್ತು ಅಧ್ಯಕ್ಷ ಸ್ಥಾನ ಬಿಟ್ಟರು. ಯೂನಿಯನ್ ಮತ್ತು ಕಂಪನಿ ಪರಸ್ಪರ ವಿಶ್ವಾಸದ ಘೋಷಣೆಗೆ ಸಹಿ ಹಾಕಿದ್ದು 1962ರಲ್ಲಿ. ಅಂದರೆ ಹನ್ನೆರಡು ವರ್ಷದ ಚೌಕಾಶಿಯ ಫಲ ಅದು: ನಾವು ನಿಮ್ಮನ್ನು ತೆಗೆಯುವುದಿಲ್ಲ, ನೀವು ಕಂಪನಿಯ ಜೊತೆ ನಿಲ್ಲಿ. ಅದೇ ಟೊಯೋಟಾ ಕಿರ್ಲೋಸ್ಕರ್ ಜೊತೆ ಸೇರಿ 1999ರ ಕೊನೆಗೆ ಬಿಡದಿಯಲ್ಲಿ ಕಾರು ತಯಾರಿಸತೊಡಗಿತು. ಉತ್ಪಾದನೆಯ ಪದ್ಧತಿ ಬಂತು, ಶಿಸ್ತು ಬಂತು. 2006ರ ಜನವರಿಯಲ್ಲಿ ಮುಷ್ಕರ, ಲಾಕ್‌ಔಟ್. 2020ರ ನವೆಂಬರ್‌ನಲ್ಲಿ ಮತ್ತೆ ಲಾಕ್‌ಔಟ್, ಸುಮಾರು ಮೂರು ಸಾವಿರ ಕಾರ್ಮಿಕರು ತಿಂಗಳುಗಟ್ಟಲೆ ಹೊರಗೆ. ಕೆಲಸದ ವೇಗ, ಒತ್ತಡ ಹೆಚ್ಚಾಯಿತೆಂದು ಕಾರ್ಮಿಕರು, ಅಶಿಸ್ತು ಎಂದು ಆಡಳಿತ. ಯಾರದು ಎಷ್ಟು ಸರಿ ಎಂಬ ತೀರ್ಪು ಇಲ್ಲಿ ಬೇಡ. ನಾನು ಹೇಳುವುದಿಷ್ಟೇ: ಜಪಾನಿನಲ್ಲಿ ಆ ಪದ್ಧತಿಯ ಹಿಂದೆ ದಶಕಗಳ ಕೊಡುಕೊಳೆ ಇತ್ತು. ಪದ್ಧತಿಯನ್ನು ಹಡಗಿನಲ್ಲಿ ತರಬಹುದು, ಕೊಡುಕೊಳೆಯನ್ನು ಬಿಡದಿಯಲ್ಲೇ ಹೊಸದಾಗಿ ಕಟ್ಟಬೇಕಿತ್ತು.

ಜಪಾನಿನಲ್ಲಿಯೂ ಆ ಒಪ್ಪಂದ ಸಡಿಲವಾಗುತ್ತಿದೆ. 1997ರ ನವೆಂಬರ್ 24ರಂದು, ನೂರು ವರ್ಷದ ಇತಿಹಾಸವಿದ್ದ ಷೇರು ವ್ಯವಹಾರದ ಸಂಸ್ಥೆ ಯಮಾಯಿಚಿ ಸೆಕ್ಯುರಿಟೀಸ್ ಮುಚ್ಚುತ್ತಿದೆ ಎಂದು ಘೋಷಿಸುವಾಗ ಅದರ ಅಧ್ಯಕ್ಷ ಶೊಹೆಯ್ ನೊಜಾವಾ ಟೀವಿ ಕ್ಯಾಮೆರಾಗಳ ಮುಂದೆ ಬಿಕ್ಕಿ ಬಿಕ್ಕಿ ಅತ್ತರು. ತಪ್ಪು ನಮ್ಮದು, ನೌಕರರದ್ದಲ್ಲ ಎಂದರು. ಅವರಿಗೆ ಬೇರೆ ಕಡೆ ಕೆಲಸ ಸಿಗಲಿ ಎಂದು ಬೇಡಿಕೊಂಡರು. ಸಂಸ್ಥೆಯ ಕಡೆಯಿಂದಲೂ ನಂಟು ಎಷ್ಟು ಗಾಢವಾಗಿತ್ತು ಎಂಬುದನ್ನು ಆ ದೃಶ್ಯ ತೋರಿಸಿತು, ಅದರ ಮೇಲೆ ಬದುಕನ್ನೇ ಪಣಕ್ಕಿಡಬಾರದು ಎಂಬುದನ್ನೂ ಒಂದು ತಲೆಮಾರಿಗೆ ಕಲಿಸಿತು. 2019ರಲ್ಲಿ ಟೊಯೋಟಾದ ಅಕಿಯೊ ಟೊಯೋಡಾ ಅವರೇ ಜೀವಮಾನದ ಉದ್ಯೋಗವನ್ನು ಉಳಿಸಿಕೊಂಡು ಹೋಗುವುದು ಕಷ್ಟ ಎಂದರು. ಈಗ ಅಲ್ಲಿನ ನೌಕರರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಜನ ಕಾಯಂ ಅಲ್ಲದವರು, ಅವರಲ್ಲಿ ಹೆಂಗಸರೇ ಹೆಚ್ಚು. ‘ಜಪಾನಿಗಳಿಗೆ ಕಂಪನಿಯೇ ಮನೆ’ ಎನ್ನುವಾಗ ಇವರನ್ನು ಯಾರೂ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

ಇನ್ನು ನೀವು ಮಾಡಬೇಕಾದ್ದು. ದೇಶದ ಅಂಕವನ್ನು ಇನ್ನೊಂದು ದೇಶದ ಅಂಕದ ಜೊತೆ ಹೋಲಿಸುವ ಚಾರ್ಟನ್ನು ವರದಿಯಿಂದ ತೆಗೆದುಬಿಡಿ. ಪ್ರತಿ ಆಫೀಸಿನ ಅಂಕವನ್ನು ಅದೇ ಆಫೀಸಿನ ಹಿಂದಿನ ವರ್ಷಗಳ ಅಂಕದ ಜೊತೆ, ಅದೇ ಊರಿನ ಬೇರೆ ಬೇರೆ ಟೀಮುಗಳ ಅಂಕದ ಜೊತೆ ಹೋಲಿಸಿ. ಒಂದು ದೇಶದೊಳಗಿನ ಟೀಮು ಟೀಮುಗಳ ನಡುವಿನ ಅಂತರ ನಿಮಗೆ ದೇಶಗಳ ನಡುವಿನ ಅಂತರಕ್ಕಿಂತ ಹೆಚ್ಚು ಪಾಠ ಹೇಳುತ್ತದೆ, ಏಕೆಂದರೆ ಅದನ್ನು ಸರಿಪಡಿಸುವುದು ನಿಮ್ಮ ಕೈಯಲ್ಲಿದೆ. ಫಾರ್ಮಿನಲ್ಲಿ ಮೂರು ಎಳೆಗಳನ್ನು ಬೇರೆ ಬೇರೆ ಕೇಳಿ. ‘ಇದೇ ಸಂಬಳ, ಇದೇ ಸೌಲಭ್ಯ, ಯಾವ ನಷ್ಟವೂ ಇಲ್ಲದೆ ಇನ್ನೊಂದು ಕಡೆ ಕೆಲಸ ಸಿಕ್ಕರೆ ಹೋಗುತ್ತೀರಾ?’ ಎಂಬ ಒಂದು ಪ್ರಶ್ನೆ ಸೇರಿಸಿ. ಇಷ್ಟಕ್ಕೆ ಇರುವವರು ಯಾರು, ನಷ್ಟಕ್ಕೆ ಹೆದರಿ ಇರುವವರು ಯಾರು ಎಂಬುದು ಗೊತ್ತಾಗುತ್ತದೆ. ಮೇಲಧಿಕಾರಿಯ ಬಗ್ಗೆ ಪ್ರತ್ಯೇಕ ಪ್ರಶ್ನೆ ಇರಲಿ. ಮನೆಯವರು ಈ ಕಂಪನಿಯನ್ನು ಹೇಗೆ ನೋಡುತ್ತಾರೆ ಎಂದೂ ಕೇಳಿ, ಭಾರತದಲ್ಲಿ ಅದು ಸಣ್ಣ ವಿಷಯವಲ್ಲ.

90 ದಿನದ ನೋಟಿಸ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಅದು ಜನರನ್ನು ಉಳಿಸುವುದಿಲ್ಲ, ಹೊರಡುವವರನ್ನು ಮೂರು ತಿಂಗಳು ಕಹಿಯಾಗಿ ಕೂರಿಸುತ್ತದೆ. ಆ ಮೂರು ತಿಂಗಳಲ್ಲಿ ಅವರು ಇನ್ನೂ ಎರಡು ಆಫರ್ ಹುಡುಕಿಕೊಳ್ಳುತ್ತಾರೆ. ನಿಮಗೆ ಅಧಿಕಾರ ಇದ್ದರೆ ಅದನ್ನು ಇಳಿಸಿ.

ಹೆಡ್ ಆಫೀಸಿಗೆ ಹೀಗೆ ಬರೆಯಬಹುದು: ‘ಬೆಂಗಳೂರಿನವರು ಕಂಪನಿಯನ್ನು ಇಷ್ಟಪಡುತ್ತಾರೆ ಮತ್ತು ಹೊರಗೆ ಅವರಿಗೆ ಬೇಡಿಕೆಯೂ ಇದೆ. ಒಳ್ಳೆಯ ಮ್ಯಾನೇಜರ್‌ಗಳನ್ನು ಉಳಿಸಿಕೊಂಡರೆ ಅವರನ್ನೂ ಉಳಿಸಿಕೊಳ್ಳಬಹುದು. ಒಸಾಕಾದವರು ಬಿಡುತ್ತಿಲ್ಲ ಎಂಬುದನ್ನು ತೃಪ್ತಿಯ ಗುರುತೆಂದು ಓದಬೇಡಿ.’ ಬರೆಯುವ ಮುಂಚೆ ಒಸಾಕಾದ ಹಿಂದಿನ ಮೂರು ನಾಲ್ಕು ವರ್ಷದ ಅಂಕಗಳನ್ನು ತೆಗೆದು ನೋಡಿ. ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಅದರಲ್ಲೂ ಮೂವತ್ತರ ಒಳಗಿನವರಲ್ಲಿ ಇಳಿಯುತ್ತಿದ್ದರೆ, ನಿಮ್ಮ ಕಂಪನಿ ಮೊದಲು ಗಮನ ಕೊಡಬೇಕಾದ್ದು ಅಲ್ಲಿಗೆ. ಆ ವಯಸ್ಸಿನವರಿಗೆ ಹೊರಗೆ ಹೋಗುವ ಬಾಗಿಲು ಜಪಾನಿನಲ್ಲೂ ಈಗ ತೆರೆಯುತ್ತಿದೆ.